ತಂಬೂರಿ ನಿಂತರೆ ಕೈ ಮುಟ್ಟು

ಸದ್ದೇ ಇಲ್ಲದ ವಸ್ತುಗಳಿಗೆಲ್ಲ ಒಂದೊಂದು ಸದ್ದು ಕೊಟ್ಟರೆ ಹೇಗಿರುತ್ತದೆ? ವನಮಾಲಾಳ ತಲೆಯೊಳಗೆ ಈ ಹುಳ ಬಿಟ್ಟವಳು ಬನಹಟ್ಟಿಯ ಒಬ್ಬ ಹುಡುಗಿ. ಹೆಸರು ದಾನೇಶ್ವರಿ, ವಯಸ್ಸು ಹತ್ತು, ಹುಟ್ಟಿದಾಗಿನಿಂದ ಕಣ್ಣಿಲ್ಲ, ಬಾಯಿಗೆ ಮಾತ್ರ ಬಿಡುವಿಲ್ಲ. ಅವಳು ಕಳಿಸಿದ ದನಿಸಂದೇಶ ಹೀಗಿತ್ತು:

"ಅಕ್ಕೋರ, ತಂತ್ಯಾಗ ಕರೆಂಟ್ ಐತೋ ಇಲ್ಲೋ ಅಂತ ಹೆಂಗ ಗೊತ್ತಾಗತೈತ್ರಿ? ಲೈಟ್ ಹತ್ತಿದ್ದು ನೋಡಿದ್ರ ಗೊತ್ತಾಗತೈತಿ ಅಂತಾರ ಎಲ್ಲಾರೂ. ನೋಡಾಕ ಬರದವರ ಸಲುವಾಗಿ ದೇವರು ಒಂದು ಸಪ್ಪಳ ಇಡಬಾರದಿತ್ತೇನ್ರಿ?"

ಧಾರವಾಡದ ಸ್ಟುಡಿಯೋದಲ್ಲಿ ಕೂತು ಇದನ್ನು ಕೇಳಿದ ವನಮಾಲಾ ಮೊದಲು ನಕ್ಕಳು, ಆಮೇಲೆ ನಗು ನಿಲ್ಲಿಸಿದಳು. ಪ್ರಶ್ನೆಯಲ್ಲಿ ನಗುವಂಥದ್ದು ಏನೂ ಇರಲಿಲ್ಲ.

ವನಮಾಲಾ ಹುಯಿಲಗೋಳ ಹಿಂದೆ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದವಳು. ಈಗ 'ಸದ್ದಿನ ಶಾಲೆ' ಎಂಬ ಪಾಡ್‌ಕಾಸ್ಟ್ ನಡೆಸುತ್ತಿದ್ದಳು. ಕಣ್ಣು ಕಾಣದ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ಕಾರ್ಯಕ್ರಮ. ಪಠ್ಯಪುಸ್ತಕದಲ್ಲಿ 'ಚಿತ್ರ ನೋಡಿ' ಎಂದಿರುವ ಕಡೆಯಲ್ಲೆಲ್ಲ ಅವಳು 'ಕೇಳಿ' ಎಂದು ಹೇಳುತ್ತಿದ್ದಳು. ಗ್ರಹಗಳು ಸೂರ್ಯನನ್ನು ಸುತ್ತುವುದು ಬಲಗಿವಿಯಿಂದ ಎಡಗಿವಿಗೆ ಹರಿದಾಡುವ ಗೆಜ್ಜೆಯಾಗುತ್ತಿತ್ತು. ಎಲೆಯೊಳಗೆ ನೀರು ಏರುವುದು ಬುರುಬುರು ಗುಟುಕಾಗುತ್ತಿತ್ತು. ಬೀದರಿನಿಂದ ಚಾಮರಾಜನಗರದವರೆಗೆ ಅಂಧಮಕ್ಕಳ ಶಾಲೆಗಳಲ್ಲಿ ಅವಳ ದನಿಗೆ ಕಾದು ಕೂಡುವ ಮಕ್ಕಳಿದ್ದರು. ಅದರ ಹೆಮ್ಮೆ ಅವಳಿಗೆ ಇತ್ತು, ಇರಬಾರದೆಂದೇನೂ ಇಲ್ಲ.

ಜೊತೆಗೆ ಕೆಲಸ ಮಾಡುತ್ತಿದ್ದ ಎಂಜಿನಿಯರ್ ಇಮ್ತಿಯಾಜ್ ನದಾಫ್‌ನಿಗೆ ಆ ಸಂದೇಶ ಕೇಳಿಸಿದಾಗ ಅವನು ತಲೆ ಕೆರೆದುಕೊಂಡು, "ದೇವರು ಇಡಲಿಲ್ಲಂದ್ರ ನಾವ ಇಡೂಣಲ್ರಿ ಮೇಡಂ" ಎಂದ. ಹಾಗೆ ಹುಟ್ಟಿದ್ದು 'ಸೊಲ್ಲು'.

ಸೊಲ್ಲು ಎಂದರೆ ಹುಣಸೆಬೀಜದಷ್ಟು ದೊಡ್ಡ ಒಂದು ಬಿಲ್ಲೆ. ಕಿವಿಯ ಹಿಂದಿನ ಎಲುಬಿಗೆ ಅಂಟಿಕೊಂಡು ಕೂಡುತ್ತದೆ, ಕಿವಿಯನ್ನು ಮುಚ್ಚುವುದಿಲ್ಲ. ಅಂಗಿಯ ಗುಂಡಿಯಂತೆ ಕಾಣುವ ಇನ್ನೊಂದು ತುಣುಕು ಎದೆಯ ಮೇಲೆ ಕೂತು ಸುತ್ತಲಿನ ಶಾಖ, ನೀರು, ವಿದ್ಯುತ್ತು ಎಲ್ಲವನ್ನೂ ಅಳೆಯುತ್ತದೆ. ಅದು ಕಂಡದ್ದನ್ನು ಬಿಲ್ಲೆ ಎಲುಬಿನ ಮೂಲಕ ಸಣ್ಣ ಸದ್ದಾಗಿ ಕೇಳಿಸುತ್ತದೆ. ಯಾವ ವಸ್ತುವಿಗೆ ಯಾವ ಸದ್ದು ಎಂಬುದನ್ನು ಮಕ್ಕಳು ಪಾಡ್‌ಕಾಸ್ಟಿನಲ್ಲಿ ಮೊದಲೇ ಕಲಿತಿರುತ್ತಾರೆ. ಬಿಸಿ ಎಂದರೆ ಹಾಲುಕ್ಕುವ ಸದ್ದು. ತೆರೆದ ನೀರು ಎಂದರೆ ಜಲತರಂಗದ ಒಂದು ಬಟ್ಟಲು. ವಿದ್ಯುತ್ತು ಎಂದರೆ ತಂಬೂರಿ.

ತಂಬೂರಿಯನ್ನು ಆರಿಸಿದ್ದು ವನಮಾಲಾಳೇ. ವಿದ್ಯುತ್ತು ಇರುವ ತಂತಿಯ ಸುತ್ತ ಕಣ್ಣಿಗೆ ಕಾಣದ ಒಂದು ನಡುಕ ಇರುತ್ತದೆ, ಸೊಲ್ಲು ಆ ನಡುಕವನ್ನು ಹಿಡಿಯುತ್ತದೆ. ಎಡೆಬಿಡದೆ ಮೀಟುವ ತಂಬೂರಿಗಿಂತ ಅದಕ್ಕೆ ಹೊಂದುವ ಸದ್ದು ಇನ್ನೇನಿದೆ? ಆ ಪಾಠಕ್ಕಾಗಿ ಅವಳೇ ಒಂದು ಸಾಲು ಕಟ್ಟಿದಳು, ಮಕ್ಕಳ ನಾಲಿಗೆಯ ಮೇಲೆ ನಿಲ್ಲಲಿ ಎಂದು:

ತಂಬೂರಿ ಮೀಟಿದರೆ ಕೈ ಕಟ್ಟು,
ತಂಬೂರಿ ನಿಂತರೆ ಕೈ ಮುಟ್ಟು.

ನಿಂತಿತು. ಮಕ್ಕಳು ಊಟಕ್ಕೆ ಕೂತಾಗ ಹೇಳಿದರು, ಕುಂಟಾಬಿಲ್ಲೆ ಆಡುವಾಗ ಹೇಳಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಅದು ಆಗ ಯಾರಿಗೂ ನೆನಪಾಗಲಿಲ್ಲ.

ಮೊದಲ ಸೊಲ್ಲನ್ನು ದಾನೇಶ್ವರಿಗೇ ತೊಡಿಸಬೇಕೆಂದು ವನಮಾಲಾ ಬನಹಟ್ಟಿಗೆ ಹೋದಳು. ನೇಕಾರರ ಓಣಿ. ಮನೆಯ ಮುಂದಿನ ಅಂಕಣದಲ್ಲಿ ಒಂದು ವಿದ್ಯುತ್ ಮಗ್ಗ, ಹಿಂದಿನ ಅಂಕಣದಲ್ಲಿ ಅಡುಗೆ, ಊಟ, ನಿದ್ದೆ. ಮಗ್ಗದ ಖಟಾಖಟಿಯಲ್ಲಿ ವನಮಾಲಾಳ ಹಲ್ಲೂ ಅಲುಗಾಡುತ್ತಿದ್ದವು. ಅಪ್ಪ ಶಂಕ್ರೆಪ್ಪ ಲಾಳಿ ಬದಲಿಸುತ್ತ ಏನೋ ಕೇಳಿದ. ಅವಳಿಗೆ ತುಟಿ ಅಲುಗಿದ್ದಷ್ಟೇ ಕಂಡಿತು.

"ಈ ಸಪ್ಪಳದಾಗ ಹೆಂಗ ಇರ್ತೀರಿ ಬನವ್ವ?" ಎಂದು ಅವಳು ದಾನೇಶ್ವರಿಯ ತಾಯಿಯ ಕಿವಿಯ ಹತ್ತಿರ ಕೂಗಿದಳು.

ಬನವ್ವ ಕೂಗಲಿಲ್ಲ. ಮಗ್ಗದ ಸದ್ದಿನ ಅಡಿಯಲ್ಲಿ ನುಸುಳುವ ಒಂದು ದನಿ ಆ ಓಣಿಯ ಹೆಂಗಸರಿಗೆ ಇರುತ್ತದೆ. "ಯಾವ ಸಪ್ಪಳರಿ? ಮಗ್ಗದ್ದಾ? ಅದು ನಮಗ ಕೇಳಸೂದ ಇಲ್ಲರಿ. ನಿಂತ್ರ ನೋಡ್ರಿ, ದಡಕ್ಕನ ಎಚ್ಚರಾಗತೈತಿ."

ಎಷ್ಟು ಒಳ್ಳೆಯ ಮಾತು, ಇದನ್ನೊಂದು ಪಾಠವನ್ನೇ ಮಾಡಬಹುದಲ್ಲ ಎಂದುಕೊಂಡು ವನಮಾಲಾ ಅದನ್ನು ನೆನಪಿನಲ್ಲಿ ಇಟ್ಟುಕೊಂಡಳು. ಅಷ್ಟರಲ್ಲಿ ದಾನೇಶ್ವರಿ ಸೊಲ್ಲು ತೊಟ್ಟು ಮನೆ ತುಂಬ ಓಡಾಡುತ್ತಿದ್ದಳು. "ಅವ್ವಾ, ಒಲಿ ಇಲ್ಲೈತಿ! ಹರವಿ ಮುಚ್ಚಿಲ್ಲ ನೀ, ಜಲತರಂಗ ಕೇಳಾಕತ್ತೈತಿ!" ಮೋಟರಿನ ಹತ್ತಿರ ಬಂದವಳು ಗಕ್ಕನೆ ನಿಂತು, ಎರಡೂ ಕೈ ಎದೆಗೆ ಕಟ್ಟಿಕೊಂಡು, "ತಂಬೂರಿ" ಎಂದು ಪಿಸುಗುಟ್ಟಿದಳು. ಶಂಕ್ರೆಪ್ಪ ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣೊರೆಸಿಕೊಂಡ.

ಆ ವರ್ಷ ಸಾವಿರಾರು ಮಕ್ಕಳ ಕಿವಿಗೆ ಸೊಲ್ಲು ಬಂತು. ಸ್ಟುಡಿಯೋದ ಪಕ್ಕದ ಕೋಣೆಯೇ ನಿಯಂತ್ರಣ ಕೊಠಡಿಯಾಯಿತು. ಗೋಡೆಯ ಪರದೆಯ ಮೇಲೆ ಕರ್ನಾಟಕದ ನಕಾಶೆ, ಒಂದೊಂದು ಮಗುವಿಗೂ ಒಂದೊಂದು ಹಸಿರು ಚುಕ್ಕೆ. ಮಗು ಸೊಲ್ಲನ್ನು ತೆಗೆದಿಟ್ಟರೆ ಚುಕ್ಕೆ ಬೂದಿಬಣ್ಣಕ್ಕೆ ತಿರುಗುತ್ತದೆ. ಬೆಳಿಗ್ಗೆ ಗೋಡೆ ತುಂಬ ಹಸಿರು. ಮಧ್ಯಾಹ್ನವಾಗುವಷ್ಟರಲ್ಲಿ ಅರ್ಧ ಗೋಡೆ ಬೂದಿ.

ಕಾರಣ ತಿಳಿಯಲು ಬಹಳ ದಿನ ಬೇಕಾಗಲಿಲ್ಲ. ಈಗಿನ ಮನೆಗಳಲ್ಲಿ ತಂತಿ ಇಲ್ಲದ ಗೋಡೆ ಎಲ್ಲಿದೆ? ಎದ್ದಾಗಿನಿಂದ ಮಲಗುವವರೆಗೆ ತಂಬೂರಿ. "ಹುಡುಗಿ ತಲಿನೋವು ಅಂತಾಳ್ರಿ, ಸೊಲ್ಲು ತಗದು ಗೂಟಕ್ಕ ಹಾಕ್ತಾಳ" ಎಂದು ಬನವ್ವನೂ ಫೋನು ಮಾಡಿದಳು. ಗೂಟದ ಮೇಲಿನ ಸೊಲ್ಲಿನಿಂದ ಯಾರಿಗೆ ಏನುಪಯೋಗ?

ಆಗ ವನಮಾಲಾಳಿಗೆ ಬನವ್ವನ ಮಾತು ನೆನಪಾಯಿತು. ನಿತ್ಯ ಇರುವ ಸದ್ದು ಕೇಳಿಸುವುದೇ ಇಲ್ಲ. ಕಿವಿ ಮಾಡುವುದನ್ನೇ ಯಂತ್ರವೂ ಮಾಡಲಿ! ಒಂದೇ ಜಾಗದಲ್ಲಿ, ಒಂದೇ ಸಮ ಇರುವ ಸದ್ದು ದಿನದಿಂದ ದಿನಕ್ಕೆ ತಗ್ಗುತ್ತ ಹೋಗಲಿ; ಹೊಸದೇನಾದರೂ ಬಂದರೆ ಅದು ಮಾತ್ರ ಎದ್ದು ಕೇಳಲಿ. ಅದಕ್ಕೆ ಅವಳು 'ಮಂದ್ರ' ಎಂದು ಹೆಸರಿಟ್ಟಳು. ಅವತ್ತು ಅವಳ ಖುಷಿ ನೋಡಬೇಕಿತ್ತು.

ನದಾಫ್ ಮಾತ್ರ ಖುಷಿಪಡಲಿಲ್ಲ. "ನೀರಿನ ಸದ್ದು ತಗ್ಗಲಿ. ಬಿಸಿ ಮತ್ತ ಕರೆಂಟ್ ಬ್ಯಾಡ್ರಿ ಮೇಡಂ. ಅವು ಎರಡೂ ಇರ್ಲಿ."

"ತಲಿನೋವು ಬರಾಕತ್ತಿದ್ದ ಕರೆಂಟಿನಿಂದ ಅಲ್ಲೇನಪಾ? ಅದನ್ನ ಬಿಟ್ರ ಉಳಿದದ್ದು ತಗ್ಗಿಸಿ ಏನು ಮಾಡೋದು? ಮನಿಯೊಳಗಿನ ತಂತಿಗೆ ರಬ್ಬರ್ ಕವಚ ಇರ್ತದ. ತಮ್ಮ ಮನಿ ಯಾವ ಮಕ್ಕಳಿಗೆ ಗೊತ್ತಿರೂದಿಲ್ಲ?"

"ಹಂಗಾದ್ರ ಪಾಡ್‌ಕಾಸ್ಟಿನ್ಯಾಗ ಹೇಳಿಬಿಡ್ರಿ. ಸದ್ದು ತಗ್ಗತಾವು ಅಂತ ಮಕ್ಕಳಿಗೆ ತಿಳೀಲಿ."

ರೆಕಾರ್ಡಿಂಗಿಗೆ ಹೊತ್ತಾಗಿತ್ತು. ವನಮಾಲಾ ಹೆಡ್‌ಫೋನು ತಲೆಗೇರಿಸಿಕೊಳ್ಳುತ್ತಲೇ ಹೇಳಿದಳು: "ಹೇಳಿದ್ರ ಮಕ್ಕಳಿಗೆ ಸೊಲ್ಲಿನ ಮ್ಯಾಲಿನ ನಂಬಿಕೆನ ಹೋಗ್ತದ. ಬ್ಯಾಡ. ತಾನ ಹೊಂದಿಕೊಳ್ತಾರ."

ಇನ್ನೊಂದು ತೊಡಕಿತ್ತು. ಕರೆಂಟು ಹೋಗಿ ಬಂದಾಗಲೆಲ್ಲ ಸೊಲ್ಲು ಅದನ್ನು ಹೊಸ ಸದ್ದೆಂದು ತಿಳಿದು ತಂಬೂರಿಯನ್ನು ಮೊದಲಿನಂತೆ ಜೋರಾಗಿ ಮೀಟುತ್ತಿತ್ತು. ನಮ್ಮ ಊರುಗಳಲ್ಲಿ ಕರೆಂಟು ದಿನಕ್ಕೆಷ್ಟು ಸಲ ಹೋಗಿ ಬರುತ್ತದೆ ಎಂದು ಹೇಳಬೇಕಿಲ್ಲ. "ಜಾಗ ನೆನಪಿಟ್ಟುಕೊಳ್ಳೋ ಹಂಗ ಮಾಡು" ಎಂದಳು ವನಮಾಲಾ. ನದಾಫ್ ಮಾಡಿದ. ಮಧ್ಯಾಹ್ನದ ಗೋಡೆ ಮತ್ತೆ ಹಸಿರಾಯಿತು. ಸಂಸ್ಥೆಯ ಅಧ್ಯಕ್ಷ ದೇಸಾಯರು ಬಂದು ಗೋಡೆ ನೋಡಿ, "ಭೇಷ್ ಬಾಯಾರ!" ಎಂದು ಪೇಢೆ ಹಂಚಿ ಹೋದರು.

ಅದೇ ಹುರುಪಿನಲ್ಲಿ ಅವಳು ಒಂದು ವಸತಿಶಾಲೆಗೆ ಹೋದಾಗ ಮಕ್ಕಳು ಹೊಸ ಆಟ ಆಡುತ್ತಿದ್ದರು. ಒಬ್ಬರ ಕಿವಿಯ ಹತ್ತಿರ ಇನ್ನೊಬ್ಬರು ಚಿಟಿಕೆ ಹೊಡೆಯುವುದು. ಕೈ ದೂರ ಒಯ್ಯುತ್ತ ಮತ್ತೆ ಮತ್ತೆ ಹೊಡೆಯುವುದು. ಯಾರೂ ನಗುತ್ತಿರಲಿಲ್ಲ, ಬಲು ಗಂಭೀರವಾದ ಆಟ. ವನಮಾಲಾಳಿಗೆ ಅದು ಎಷ್ಟು ಹಿಡಿಸಿತೆಂದರೆ, ತಾನೂ ನಡುವೆ ಕೂತು ಚಿಟಿಕೆ ಹೊಡೆದು, ಆ ಸದ್ದನ್ನು ರೆಕಾರ್ಡು ಮಾಡಿ ತಂದಳು. ಮುಂದಿನ ವಾರದಿಂದ 'ಸದ್ದಿನ ಶಾಲೆ'ಯ ಪ್ರತಿ ಸಂಚಿಕೆಯೂ ಆ ಚಿಟಿಕೆಗಳಿಂದಲೇ ಶುರುವಾಯಿತು. ಎಲ್ಲರೂ ಹೊಗಳಿದರು.

ಬನಹಟ್ಟಿಯಿಂದ ಫೋನು ಬಂದಾಗ ವನಮಾಲಾ ಹಗಲೂಟಕ್ಕೆ ಕೂತಿದ್ದಳು. ಬನವ್ವ ಅಳುತ್ತಿದ್ದಳು. ಹಿಂದೆ ಮಗ್ಗದ ಸದ್ದಿರಲಿಲ್ಲ. ದಾನೇಶ್ವರಿಗೆ ಕರೆಂಟು ಹೊಡೆದಿತ್ತು.

ಜೀವ ಉಳಿದಿತ್ತು. ಬಲಗೈಯ ತೋರುಬೆರಳು, ನಡುಬೆರಳು ಸುಟ್ಟಿದ್ದವು. ಆಗಿದ್ದು ಇಷ್ಟು: ಮಗ್ಗದಲ್ಲಿ ನೂಲು ಹರಿದಿತ್ತು, ಶಂಕ್ರೆಪ್ಪ ಮಗ್ಗ ನಿಲ್ಲಿಸಿ ಎಳೆ ಕೂಡಿಸುತ್ತಿದ್ದ. ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತಿದ್ದ ದಾನೇಶ್ವರಿಯ ಕೈಯಿಂದ ಒಂದು ಕಂಡಿಕೆ ಜಾರಿ ಮೋಟರಿನ ಹಿಂದಕ್ಕೆ ಉರುಳಿತು. ಅವಳು ಮಗ್ಗ ನಿಂತದ್ದನ್ನು ಕೇಳಿದಳು. ತಂಬೂರಿಯೂ ಇಲ್ಲದ್ದನ್ನು ಕೇಳಿದಳು. ಅಂದರೆ ಕರೆಂಟು ಹೋಗಿದೆ. ಬಗ್ಗಿ ಕೈ ಹಾಕಿದಳು. ಅಲ್ಲಿ ಇಲಿ ಕಡಿದ ತಂತಿ ಇತ್ತು. ಅಪ್ಪ ನಿಲ್ಲಿಸಿದ್ದು ಮಗ್ಗವನ್ನು, ಮೇನ್ ಸ್ವಿಚ್ಚನ್ನಲ್ಲ.

ವನಮಾಲಾ ಹೋದಾಗ ಹುಡುಗಿ ಆಸ್ಪತ್ರೆಯಿಂದ ಮನೆಗೆ ಬಂದಿದ್ದಳು. ಕೈಗೆ ದಪ್ಪನೆಯ ಬಿಳಿ ಪಟ್ಟಿ. ಚರ್ಮ ಬರುತ್ತದೆ, ಸ್ಪರ್ಶ ಬರುವುದು ಖಾತ್ರಿಯಿಲ್ಲ ಎಂದು ಡಾಕ್ಟರು ಹೇಳಿದ್ದರು. ಬ್ರೈಲ್ ಚುಕ್ಕೆಗಳ ಮೇಲೆ ಆ ಓಣಿಯ ಯಾವ ಲಾಳಿಗೂ ಕಡಿಮೆಯಿಲ್ಲದ ವೇಗದಲ್ಲಿ ಓಡುತ್ತಿದ್ದ ಬೆರಳು ಅದು.

"ನಂದ ತಪ್ಪರಿ ಅಕ್ಕೋರ" ಎಂದ ಶಂಕ್ರೆಪ್ಪ. ಅವನ ಗಡ್ಡ ಬೆಳೆದಿತ್ತು. "ದೀಪಾವಳಿಂದ ವೈರ್ ಬದಲಿ ಮಾಡ್ಬೇಕು, ಬದಲಿ ಮಾಡ್ಬೇಕು ಅನ್ಕೊಂತ ಬಂದ್ನಿ. ಮಾಡಲಿಲ್ಲ. ನನ್ನ ಕೂಸಿನ ಕಣ್ಣು ದೇವರು ಕಸಗೊಂಡ, ಕೈ ನಾ ಕಸಗೊಂಡ್ನಿ."

ಓಣಿಯವರೂ ಅದನ್ನೇ ಹೇಳಿದ್ದರಂತೆ. ಅವನು ಮಗ್ಗಕ್ಕೆ ಕೈ ಹಚ್ಚಿರಲಿಲ್ಲ, ಪಕ್ಕದ ಮನೆಯವನು ಬಂದು ನಡೆಸುತ್ತಿದ್ದ.

ಸೊಲ್ಲು ಗೂಟಕ್ಕೆ ತೂಗುತ್ತಿತ್ತು. ಯಾಕೆಂದು ಗೊತ್ತಿಲ್ಲದೆ, ಅಥವಾ ಚೆನ್ನಾಗಿ ಗೊತ್ತಿದ್ದೇ, ವನಮಾಲಾ ಅದನ್ನು ತೆಗೆದು ತನ್ನ ಕಿವಿಯ ಹಿಂದೆ ಹಚ್ಚಿಕೊಂಡಳು. ಗುಂಡಿಯನ್ನು ಸೆರಗಿಗೆ ಸಿಕ್ಕಿಸಿಕೊಂಡು ಮುಂದಿನ ಅಂಕಣಕ್ಕೆ ನಡೆದಳು. ಮಗ್ಗ ಓಡುತ್ತಿತ್ತು. ಮೋಟರು ತಿರುಗುತ್ತಿತ್ತು. ಅವಳು ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಕಣ್ಣು ಮುಚ್ಚಿ ಕೇಳಿದಳು. ಮಗ್ಗದ ಖಟಾಖಟಿ ಹೊರಗಿನ ಕಿವಿಯಲ್ಲಿ ಇತ್ತು. ಎಲುಬಿನೊಳಗೆ ಏನೂ ಇರಲಿಲ್ಲ. ಒಂದು ಎಳೆಯಷ್ಟೂ ಇರಲಿಲ್ಲ. ತಂಬೂರಿಯನ್ನು ಅವಳೇ ಇಲ್ಲವಾಗಿಸಿದ್ದಳು.

ಎದ್ದು ಸೊಲ್ಲನ್ನು ಮತ್ತೆ ಗೂಟಕ್ಕೆ ಹಾಕಿದಳು. ಬನವ್ವ ಚಹಾ ತಂದುಕೊಟ್ಟಳು. ವನಮಾಲಾ ಕುಡಿದಳು. ಹೇಳಬೇಕಾದದ್ದೂ ಚಹಾದ ಜೊತೆ ಇಳಿದು ಹೋಯಿತು. 'ಹಂಗೆಲ್ಲ ಅನ್ಕೋಬ್ಯಾಡ್ರಿ ಶಂಕ್ರೆಪ್ಪ' ಎಂದಷ್ಟೇ ಹೇಳಿ ಬಸ್ಸು ಹತ್ತಿದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಎಮ್ಮೆ ತಾನಾಗಿ ಬಂದು ಬರೆಗೆ ಬೆನ್ನೊಡ್ಡಿತ್ತು, ಅವಳು ನೋಡುತ್ತ ನಿಂತಿದ್ದಳು.

ನಿಯಂತ್ರಣ ಕೊಠಡಿಯಲ್ಲಿ ದೇಸಾಯರು ಎಲ್ಲವನ್ನೂ ಕೇಳಿಸಿಕೊಂಡರು. ಕೆಟ್ಟ ಮನುಷ್ಯರಲ್ಲ ಅವರು. ಕನ್ನಡಕ ಒರೆಸಿಕೊಂಡು ನಿಧಾನವಾಗಿ ಮಾತಾಡಿದರು.

"ಇವತ್ತ ಎಲ್ಲಾ ಸೊಲ್ಲಿಗೂ ತಿದ್ದುಪಡಿ ಕಳಸ್ರಿ. ಕರೆಂಟಿನ ಸದ್ದು ಇನ್ನ ತಗ್ಗಬಾರದು. ಆದದ್ದು ಮತ್ತ ಆಗಬಾರದು. ಅಷ್ಟ ಮುಖ್ಯ."

"ಮಕ್ಕಳಿಗೆ? ಆ ಮನಿಯವರಿಗೆ?"

"ಏನಂತ ಹೇಳ್ತೀರಿ? ಇಲಿ ಕಡದ ವೈರು ಇದ್ದದ್ದು ಸುಳ್ಳೇನು? ನೀವು ಬಾಯಿಬಿಟ್ರ ನಾಳೆ ಒಂದೊಂದು ಮನ್ಯಾಗೂ ಸೊಲ್ಲು ಕಿತ್ತಿಡ್ತಾರ. ಒಂದು ಕೂಸಿನ ಸಲುವಾಗಿ ಸಾವಿರ ಕೂಸಿನ ಕಣ್ಣು ಕೀಳಬ್ಯಾಡ್ರಿ ಬಾಯಾರ."

'ನಾ ಹೇಳಿದ್ದೆ' ಎಂದು ನದಾಫ್ ಅಂದಿದ್ದರೆ ವನಮಾಲಾಳಿಗೆ ಎಷ್ಟೋ ಹಗುರಾಗುತ್ತಿತ್ತು. ಅವನು ತಲೆ ತಗ್ಗಿಸಿಕೊಂಡು ತಿದ್ದುಪಡಿ ಬರೆಯಲು ಕೂತ.

ಮನೆಯಲ್ಲಿ ಗಂಡ ವಸಂತರಾವ್ ಅವಳು ಮುಟ್ಟದ ತಾಟು ನೋಡಿ, "ಇಲಿ ಕಡದದ್ದು ನಿನ್ನ ತಪ್ಪು ಹೆಂಗಾಗ್ತದ? ಊಟಾ ಮಾಡು" ಎಂದ. ಅವಳು ಫ್ರಿಜ್ಜಿನ ಕಡೆ ನೋಡಿದಳು. ವರ್ಷಗಳಿಂದ ಗುಂಯ್‌ಗುಡುತ್ತಿದ್ದ ಅದರ ಸದ್ದು ಅವತ್ತು ಮೊದಲ ಸಲ ಅವಳಿಗೆ ಕೇಳಿಸುತ್ತಿತ್ತು. ಆಮೇಲೆ ಅದು ನಿಲ್ಲಲೇ ಇಲ್ಲ. ಯಾರಾದರೂ 'ಬನಹಟ್ಟಿ' ಎಂದರೆ ಸಾಕು, ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿಕೊಳ್ಳುವ ಸ್ಥಿತಿ ಅವಳದಾಯಿತು. ಆದರೂ ತಿದ್ದುಪಡಿ ಹೋಗಿದೆಯಲ್ಲ, ಇನ್ನು ಯಾವ ಮಗುವಿಗೂ ಏನಾಗುವುದಿಲ್ಲವಲ್ಲ ಎಂದು ತನಗೆ ತಾನೇ ಹೇಳಿಕೊಂಡು ದಿನ ತಳ್ಳಿದಳು.

ಹೀಗಿರುವಾಗ ದಾನೇಶ್ವರಿಯ ಸಂದೇಶ ಬಂತು.

"ಅಕ್ಕೋರ, ಆರಾಮ ಅದೀರೇನ್ರಿ? ನಾ ಮತ್ತ ಸೊಲ್ಲು ಹಾಕ್ಕೊಳ್ಳಾಕತ್ತೇನಿ. ಅಪ್ಪಾ ಬ್ಯಾಡಂದ, ನಾ ಕೇಳಲಿಲ್ಲ. ಅಕ್ಕೋರ, ಈಗ ಮೋಟರಿನ ಹಂತೇಕ ಹೋದ್ರ ತಂಬೂರಿ ಛಲೋ ಕೇಳಸ್ತೈತ್ರಿ. ಲಕ್ಷ್ಯಾ ಕೊಟ್ರ ಕೇಳಸ್ತೈತಿ. ಅಂದ್ರ ಅವತ್ತೂ ಇತ್ತು, ನಾನ ಕೇಳಿಸ್ಕೊಳ್ಳಲಿಲ್ಲ. ನನ್ನ ಕಿವಿ ಸುಮಾರ ಅದಾವ್ರಿ. ಕಿವಿ ಚುರುಕ ಆಗೂ ಹಂಗ ಏನರ ಪಾಠ ಇದ್ರ ಕಲಸ್ರಿ. ನಾ ದಿನಾ ಮಾಡತೇನಿ."

ಪರದೆಯ ಮೇಲೆ ಬನಹಟ್ಟಿಯ ಚುಕ್ಕೆ ಹಸಿರಾಗಿ ಉರಿಯುತ್ತಿತ್ತು. ವನಮಾಲಾ ಮೇಜಿಗೆ ಹಣೆ ಹಚ್ಚಿ ಅತ್ತಳು. ತಪ್ಪನ್ನು ಗುಟ್ಟಾಗಿ ತಿದ್ದಿದ್ದರಿಂದ ಆ ತಪ್ಪು ಹುಡುಗಿಯ ತಲೆಗೆ ಬಂದಿತ್ತು. ಕಣ್ಣಿಲ್ಲದ ಮಗುವಿಗೆ ಇದ್ದದ್ದು ಎರಡು ಕಿವಿ. ಇನ್ನು ಜೀವಮಾನವೆಲ್ಲ ಅವಳು ಅವನ್ನು ನಂಬುವುದಿಲ್ಲ.

ಮರುದಿನವೇ ಅವಳು ಬನಹಟ್ಟಿಗೆ ಹೋದಳು. ನದಾಫ್ ತಾನೂ ಬರುತ್ತೇನೆಂದು ಹೊರಟ.

ದಾನೇಶ್ವರಿ ಎಡಗೈ ಬೆರಳಿನಿಂದ ಬ್ರೈಲ್ ಪುಸ್ತಕದ ಮೇಲೆ ತಡಕಾಡುತ್ತಿದ್ದಳು, ಒಂದನೆಯ ತರಗತಿಯ ಮಗುವಿನ ಹಾಗೆ ಅಕ್ಷರ ಅಕ್ಷರ ಕೂಡಿಸಿಕೊಂಡು. ವನಮಾಲಾಳ ದನಿ ಕೇಳಿದ್ದೇ ಮುಖ ಅರಳಿತು. "ಪಾಠ ತಂದ್ರೇನ್ರಿ ಅಕ್ಕೋರ?"

"ಶಂಕ್ರೆಪ್ಪ, ಮಗ್ಗ ನಿಲ್ಲಸ್ರಿ" ಎಂದಳು ವನಮಾಲಾ. "ಎಲ್ಲಾರೂ ಕೇಳಬೇಕು."

ಮಗ್ಗ ನಿಂತಿತು. ಆ ನಿಶ್ಶಬ್ದಕ್ಕೆ ಬೆಚ್ಚಿ ಪಕ್ಕದ ಮನೆಯವರು ಇಣುಕಿದರು. ವನಮಾಲಾ ನೆಲದ ಮೇಲೆ ಹುಡುಗಿಯ ಎದುರು ಕೂತು, ಸುತ್ತುಬಳಸದೆ ಹೇಳಿದಳು. ಮಂದ್ರ ಎಂದರೇನು, ಅದನ್ನು ಯಾರು ಮಾಡಿಸಿದರು, ಬೇಡವೆಂದು ಯಾರು ಹೇಳಿದರು, ಮಕ್ಕಳಿಗೆ ಯಾಕೆ ತಿಳಿಸಲಿಲ್ಲ, ಎಲ್ಲವನ್ನೂ. "ಅವತ್ತು ತಂಬೂರಿ ಇರಲಿಲ್ಲ ದಾನು. ನಿನ್ನ ಕಿವಿ ಸರಿ ಕೇಳಿದ್ವು. ಆ ಸದ್ದು ಅಡಗಿಸಿದಾಕಿ ನಾನು. ನಿಮ್ಮ ಅಪ್ಪಂದು ತಪ್ಪಲ್ಲ, ನಿಂದಂತೂ ಅಲ್ಲ. ಹೋದ ಸಲ ಬಂದಾಗನ ನನಗ ಗೊತ್ತಾಗಿತ್ತು. ಹೇಳಲಿಕ್ಕೆ ಅಂಜಿದೆ."

ಶಂಕ್ರೆಪ್ಪನ ಮುಖ ಕೆಂಪಾಯಿತು. ಹೊಡೆಯುತ್ತಾನೇನೋ ಎಂದು ವನಮಾಲಾಳಿಗೆ ಅನ್ನಿಸಿತು, ಹೊಡೆದರೆ ಹೊಡೆಯಲಿ ಎಂದೂ ಅನ್ನಿಸಿತು. ಅವನು ಗೋಡೆಗೆ ಒರಗಿ ಕೂತುಬಿಟ್ಟ. "ಇಷ್ಟ್ ದಿನಾ ಒಂದು ತುತ್ತು ಗಂಟಲದಾಗ ಇಳದಿಲ್ರಿ ನನಗ. ನಿಮಗ ಗೊತ್ತಿತ್ತು. ಗೊತ್ತಿದ್ದೂ ನಮ್ಮನಿ ಚಹಾ ಕುಡದು ಹೋದ್ರಿ."

"ಹೌದು" ಎಂದಳು ವನಮಾಲಾ.

ದಾನೇಶ್ವರಿ ಕಿವಿಯ ಹಿಂದಿನಿಂದ ಸೊಲ್ಲನ್ನು ಮೆಲ್ಲಗೆ ಬಿಡಿಸಿ ಅಂಗೈಯಲ್ಲಿ ಹಿಡಿದುಕೊಂಡಳು. "ನೀವು ಮೊದಲ ಹೇಳಿದ್ರ ನಾ ಮುಟ್ಟತಿದ್ದಿಲ್ಲರಿ" ಎಂದಳು. ಸಿಟ್ಟಿನಿಂದಲ್ಲ. ಲೆಕ್ಕ ಬಿಡಿಸಿ ಉತ್ತರ ಹೇಳುವ ದನಿಯಲ್ಲಿ. ಆಮೇಲೆ ಕೇಳಿದಳು: "ನನಗ ಹೇಳಿದ್ರಿ. ಉಳದವ್ರಿಗೆ?"

"ಅವರಿಗೂ ಹೇಳ್ತೀನಿ."

"ಎಲ್ಲಾ ಹೇಳ್ರಿ. ಪಾಠದಾಗ ಹೇಳಿದಂಗ ಹೇಳ್ರಿ, ತಿಳಿಯೂ ಹಂಗ."

ದೇಸಾಯರಿಗೆ ವನಮಾಲಾ ಮುಂಚಿತವಾಗಿ ತಿಳಿಸಿದಳು, ಅಪ್ಪಣೆ ಕೇಳಲಿಲ್ಲ. ಅವರು ಬಾಗಿಲನ್ನು ದಡಾರನೆ ಮುಚ್ಚಿ ಹೋದರು. ನದಾಫ್ ಮೈಕಿನ ಮುಂದೆ ಒಂದು ಲೋಟ ನೀರಿಟ್ಟ. ಚಿಟಿಕೆಗಳ ಸದ್ದಿನಿಂದ ಸಂಚಿಕೆ ಶುರುವಾಯಿತು, ಎಂದಿನಂತೆ.

ಪಾಠ ಹೇಳುವ ಹಾಗೇ ಹೇಳಿದಳು. ಅವಳ ಮಾತಿನ ಹಿಂದೆ ಮೊದಲಿನಿಂದಲೇ ತಂಬೂರಿ ಮೀಟುತ್ತಿತ್ತು. ಕಿವಿ ಹೇಗೆ ನಿತ್ಯದ ಸದ್ದನ್ನು ಮರೆಯುತ್ತದೆ ಎಂದು ಹೇಳಿದಳು, ಬನಹಟ್ಟಿಯ ಮಗ್ಗದ ಕಥೆ ಹೇಳಿದಳು, ಮಂದ್ರದ ಕಥೆ ಹೇಳಿದಳು. ನದಾಫ್ ತಂಬೂರಿಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ತಗ್ಗಿಸುತ್ತ ಬಂದ. ಸಂಚಿಕೆಯ ನಡುವೆ ಅವಳು ಮಾತು ನಿಲ್ಲಿಸಿ ಕೇಳಿದಳು: "ಮಕ್ಕಳೇ, ಈಗ ಕೇಳಿ. ತಂಬೂರಿ ಇದೆಯೇ? ಇಲ್ಲ. ಯಾವಾಗ ನಿಂತಿತು? ನಿಮಗೆ ಗೊತ್ತಾಗಲಿಲ್ಲ. ನಿಮ್ಮ ಮನೆಯಲ್ಲೂ ಹೀಗೇ ನಿಂತಿತ್ತು. ಆದರೆ ತಂತಿಯಲ್ಲಿ ವಿದ್ಯುತ್ತು ಇದ್ದೇ ಇತ್ತು. ನಿಮಗೆ ಹೇಳದೆ ಆ ಸದ್ದನ್ನು ಅಡಗಿಸಿದವಳು ನಾನು. ಇದರಿಂದ ಒಬ್ಬ ಹುಡುಗಿಯ ಓದುವ ಬೆರಳು ಸುಟ್ಟಿದೆ. 'ತಂಬೂರಿ ನಿಂತರೆ ಕೈ ಮುಟ್ಟು' ಎಂದು ನಾನು ಕಲಿಸಿದ್ದು ಸುಳ್ಳು ಪಾಠ. ಸದ್ದು ಇಲ್ಲ ಎಂದರೆ ಅಪಾಯ ಇಲ್ಲ ಎಂದಲ್ಲ. ಯಾರು ಕಲಿಸಿದರೂ ನಂಬಬೇಡಿ, ನಾನು ಕಲಿಸಿದರೂ. ನಿಮ್ಮ ಒಲೆ, ನಿಮ್ಮ ನೀರು, ಇವುಗಳ ಸದ್ದೂ ಹಾಗೇ ತಗ್ಗಿದೆ. ಇವತ್ತಿನಿಂದ ಎಲ್ಲವೂ ಮೊದಲಿನಂತೆ ಕೇಳುತ್ತವೆ. ಎಷ್ಟು ಕೇಳಬೇಕು, ಎಷ್ಟು ತಗ್ಗಬೇಕು ಎಂಬುದನ್ನು ಎದೆಯ ಮೇಲಿನ ಗುಂಡಿ ತಿರುಗಿಸಿ ಇನ್ನು ನೀವೇ ಗೊತ್ತುಮಾಡಿಕೊಳ್ಳಿ."

ಆ ದಿನ ಸಂಜೆಯವರೆಗೆ ಗೋಡೆಯ ಮೇಲೆ ಎಷ್ಟೋ ಚುಕ್ಕೆಗಳು ಬೂದಿಯಾದವು. ದೇಸಾಯರು ಹೇಳಿದ್ದು ಸುಳ್ಳಾಗಲಿಲ್ಲ. ಮರುದಿನದಿಂದ ಮಕ್ಕಳ ದನಿಸಂದೇಶಗಳು ಬರತೊಡಗಿದವು. ಬೈಗುಳ ಇರುತ್ತದೆ ಎಂದುಕೊಂಡು ವನಮಾಲಾ ಒಂದೊಂದಾಗಿ ಕೇಳತೊಡಗಿದಳು.

ಮೈಸೂರಿನ ಒಬ್ಬ ಹುಡುಗ: "ಮಿಸ್, ಥ್ಯಾಂಕ್ಸ್ ಮಿಸ್. ನಂಗೆ ಕಿವೀನೂ ಹೋಗ್ತಾ ಇದೆ ಅನ್ಕೊಂಡಿದ್ದೆ. ಅಮ್ಮ ಅಳ್ತಾರೆ ಅಂತ ಹೇಳಿರ್ಲಿಲ್ಲ."

ಸಿಂಧನೂರಿನ ಕಡೆಯ ಹುಡುಗಿ: "ಅಜ್ಜಿ ಮನ್ಯಾಗ ಒಲಿ ಸದ್ದು ಕೇಳ್ತಿತ್ರಿ. ನಮ್ಮನ್ಯಾಗ ಕೇಳ್ತಿದ್ದಿಲ್ಲ. ದಿನಾ ಸ್ವಲ್ಪ ಸ್ವಲ್ಪ ಕಿವುಡಿ ಆಗಾಕತ್ತೀನಿ ಅಂತ ತಿಳಕೊಂಡಿದ್ದೆ. ಹಂಗಾದ್ರ ಆಗಿಲ್ಲೇನ್ರಿ? ಖರೇನ ಹೇಳ್ರಿ."

ಇನ್ನೊಬ್ಬ. ಮತ್ತೊಬ್ಬಳು. ಊರು ಬೇರೆ, ಮಾತಿನ ಧಾಟಿ ಬೇರೆ, ಹೇಳಿದ್ದು ಒಂದೇ. ಕಣ್ಣು ಹೋದ ಹಾಗೆ ಕಿವಿಯೂ ಹೋಗುತ್ತಿದೆ ಎಂದು ಅಂಜಿ, ಯಾರಿಗೂ ಹೇಳದೆ, ಆ ಮಕ್ಕಳು ಒಬ್ಬೊಬ್ಬರೇ ಅಷ್ಟು ತಿಂಗಳು ಕಳೆದಿದ್ದರು. ಒಂದು ಮಗುವಿನ ಬೆರಳು ಸುಟ್ಟೆ ಎಂದಷ್ಟೇ ವನಮಾಲಾ ತಿಳಿದಿದ್ದಳು.

ಆಮೇಲೆ ಆ ವಸತಿಶಾಲೆಯಿಂದ ಒಂದು ಸಂದೇಶ ಬಂತು. ಮಾತಾಡಿದವನು ಸಣ್ಣ ಹುಡುಗ, ಏದುಸಿರು ಬಿಡುತ್ತಿದ್ದ, ಖುಷಿಯಲ್ಲಿದ್ದ. "ಅಕ್ಕೋರ, ನಮ್ಮ ಹಾಸ್ಟೆಲಿನ್ಯಾಗ ಎಲ್ಲಾರಿಗೂ ಹಂಗ ಆಗಿತ್ರಿ! ಅದಕ್ಕ ನಾವು ಚಿಟಿಕಿ ಹೊಡದು ಕಿವಿ ಟೆಸ್ಟ್ ಮಾಡ್ಕೋತಿದ್ವಿ. ಎಷ್ಟು ದೂರ ಕೇಳಸ್ತೈತಿ, ನಿನ್ನೆಕಿಂತ ಕಡಿಮಿ ಆಗೇತೇನು ಅಂತ. ನೀವೂ ಬಂದು ಹೊಡದಿದ್ರಿ, ನೆನಪೈತೇನ್ರಿ?"

ನೆನಪಿತ್ತು. ಅವಳು ಅದನ್ನು ಆಟವೆಂದು ತಿಳಿದಿದ್ದಳು. ಮಕ್ಕಳ ಆ ಅಂಜಿಕೆಯನ್ನು ರೆಕಾರ್ಡು ಮಾಡಿ ತಂದು, ವಾರವಾರವೂ 'ಸದ್ದಿನ ಶಾಲೆ'ಯ ಶುರುವಿಗೆ ಹಾಕಿ, ಅದೇ ಮಕ್ಕಳಿಗೆ ಕೇಳಿಸಿದ್ದಳು. ಅವರು ಪ್ರತಿ ವಾರ ಅದನ್ನು ಕೇಳಿ, ಕೇಳಿಸುತ್ತಿದೆಯಲ್ಲ ಎಂದು ಉಸಿರು ಬಿಟ್ಟಿರಬೇಕು.

ನದಾಫ್ ಅವಳ ಮುಖ ನೋಡಿ ಹೆಡ್‌ಫೋನು ತೆಗೆಯಲು ಕೈ ಚಾಚಿದ. "ಸಾಕು ಮಾಡ್ರಿ ಮೇಡಂ. ಉಳಿದದ್ದು ನಾ ಕೇಳತೀನಿ."

"ಬ್ಯಾಡ. ಎಲ್ಲಾ ನಾನ ಕೇಳ್ತೀನಿ."

"ಮುಂದಿನ ಸಂಚಿಕಿಯಿಂದ ಆ ಚಿಟಿಕಿ ತಗದು ಬ್ಯಾರೆ ಏನರ ಹಾಕಲೇನ್ರಿ?"

ವನಮಾಲಾ ಗೋಡೆಯ ಕಡೆ ತಿರುಗಿದಳು. ಪರದೆಯ ಮೇಲೆ ಬನಹಟ್ಟಿಯ ಚುಕ್ಕೆ ಇನ್ನೂ ಬೂದಿಯಾಗೇ ಇತ್ತು.

"ಇರಲಿ" ಎಂದಳು. "ಅದು ಏನಂತ ಪ್ರತಿ ಸಲ ಹೇಳಿ ಹಾಕು. ನಾಳೆ ಅದು ನನಗ ಕೇಳಿಸೋದು ನಿಂತ್ರ, ನೀ ನನಗ ಹೇಳಬೇಕು."

ನದಾಫ್ ಆಗಲೆಂದ. ಅವಳು ಸದ್ದನ್ನು ಪೂರ್ತಿ ಏರಿಸಿ ಮುಂದಿನ ಸಂದೇಶ ಹಚ್ಚಿದಳು.